ಅರ್ಧ ಸುತ್ತು

"ನೀವು ಹೊರಗಿರಿ ಭಾವ, ಒಳಗೆ ನಾನು ಹೋಗ್ತೀನಿ" ಎಂದು ಷಡ್ಡಕ ಶುಕ್ರವಾರ ಫೋನಿನಲ್ಲಿ ಹೇಳಿದಾಗಲೇ ಅವನಿಗೆ ಅನುಮಾನ ಬಂದಿತ್ತು. ಒಳಗೆ ಹೋಗುವುದೆಂದರೆ ಹಾಯಿದೋಣಿಯ ಹಿಂಬದಿಯಲ್ಲಿರುವ ಸಾಮಾನು ಪೆಟ್ಟಿಗೆಯೊಳಗೆ ಸೊಂಟದವರೆಗೆ ತೂರಿಕೊಂಡು, ಮೊಣಕೈ ಊರಲೂ ಜಾಗವಿಲ್ಲದೆ, ಹಳೆಯ ನೀರಿನ ವಾಸನೆಯಲ್ಲಿ ನಟ್ಟು ಹಿಡಿದು ಮಲಗುವುದು. ಹೊರಗಿನವನದು ನೆರಳಲ್ಲಿ ಕುಕ್ಕರಗಾಲಲ್ಲಿ ಕೂತು ಸ್ಕ್ರೂ ತಿರುಗಿಸುವ ಕೆಲಸ. ಕಷ್ಟದ ಪಾಲನ್ನು ತಾನಾಗಿ ಕೇಳಿ ತೆಗೆದುಕೊಳ್ಳುವವರನ್ನು ಅವನು ನಂಬುತ್ತಿರಲಿಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಇನ್ಸ್‌ಪೆಕ್ಟರಾಗಿ ಅವನು ಕಲಿತದ್ದು ಇಷ್ಟೇ: ಕೇಳುವ ಮೊದಲೇ ತಕ್ಕಡಿ ಒರೆಸಿ ಮುಂದಿಡುವ ಅಂಗಡಿಯವನ ತಟ್ಟೆಯನ್ನು ಮಗುಚಿ ನೋಡಬೇಕು, ಹತ್ತರಲ್ಲಿ ಆರು ಸಲ ಅಡಿಯಲ್ಲಿ ಮೇಣ ಅಂಟಿರುತ್ತದೆ. ಹೆಂಡತಿಯ ತಂಗಿಯ ಗಂಡ ಈ ಕೆಲಸದ ಅಡಿಗೆ ಏನನ್ನು ಅಂಟಿಸಿದ್ದಾನೆ ಎಂದು ಎರಡು ದಿನ ಯೋಚಿಸಿದ. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ದೋಣಿಗಳ ಅಂಗಳಕ್ಕೆ ಬಂದಾಗ ಷಡ್ಡಕ ಆಗಲೇ ಟಾರ್ಪಾಲು ತೆಗೆದು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ. ಹೊಸ ಬಿರಡೆ, ಅದು ಕೂರುವ ಹಿತ್ತಾಳೆಯ ಬಳೆ, ಮೂರು ಸ್ಕ್ರೂ, ಮೂರು ನಟ್ಟು, ಸಂದಿ ಮುಚ್ಚುವ ಸೀಲೆಂಟಿನ ಟ್ಯೂಬು ಎಲ್ಲವನ್ನೂ ಒಂದು ಟವಲಿನ ಮೇಲೆ ಸಾಲಾಗಿ ಜೋಡಿಸಿದ್ದ. ಹಲ್ಲಿನ ಸೆಟ್ಟು ಕಟ್ಟುವವನ ಕೈ. ಬಾಯಿಯೊಳಗೆ ಕೂರಬೇಕಾದದ್ದನ್ನೆಲ್ಲ ಮೊದಲು ಬಟ್ಟೆಯ ಮೇಲೆ ಜೋಡಿಸಿ ನೋಡುವ ಅಭ್ಯಾಸ.

"ನಿದ್ದೆ ಆಯ್ತಾ ಭಾವ?" ಎಂದು ಷಡ್ಡಕ ಕೇಳಿದ. ಅವನು ಆಯ್ತು ಎಂದ. ಯಾಕೆ ಕೇಳಿದ ಎಂದು ಆಮೇಲೆ ಯೋಚಿಸಿದ.

ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ. ಸಾಲು ದೋಣಿಗಳ ಕಂಬಗಳಿಗೆ ಗಾಳಿಯಲ್ಲಿ ಹಗ್ಗಗಳು ಬಡಿಯುತ್ತಿದ್ದವು, ಯಾರೋ ಮೇಜು ಕುಟ್ಟುತ್ತ ಉತ್ತರಕ್ಕೆ ಕಾಯುತ್ತಿರುವಂತೆ. ಅವರ ದೋಣಿ ಎರಡು ಗಾಲಿಯ ಗಾಡಿಯ ಮೇಲೆ, ಮೂತಿಯನ್ನು ನೀರಿನ ಕಡೆಗೆ ಚಾಚಿಕೊಂಡು ನಿಂತಿತ್ತು. ಹದಿನಾರು ಅಡಿ, ಫೈಬರ್‌ಗ್ಲಾಸು, ಮಾವ ಕೊಂಡದ್ದು. ಮಾವ ಸಾಯುವಾಗ ಮನೆಯನ್ನು ಹೆಣ್ಣುಮಕ್ಕಳಿಬ್ಬರಿಗೂ ದೋಣಿಯನ್ನು ಅಳಿಯಂದಿರಿಬ್ಬರಿಗೂ ಬಿಟ್ಟ. ಮನೆಯನ್ನು ಮಾರಿ ಹಂಚಿಕೊಳ್ಳಬಹುದು, ದೋಣಿಯನ್ನು ಒಟ್ಟಿಗೆ ಕೂತು ನಡೆಸಬೇಕು, ಅದಕ್ಕೇ ಹಾಗೆ ಮಾಡಿದ್ದು ಮುದುಕ ಎಂದು ಷಡ್ಡಕ ಆಗ ನಗೆಯಾಡಿದ್ದ. ದೋಣಿಯ ಹಿಂಗೋಡೆಯ ತೀರಾ ತಳದಲ್ಲಿ ಹೆಬ್ಬೆರಳು ಹೋಗುವಷ್ಟು ತೂತು. ದಡದ ಮೇಲಿರುವಾಗ ಒಳಗೆ ಸೇರಿದ ನೀರು ಅದರಿಂದ ಹೊರಗೆ ಹರಿದುಹೋಗಬೇಕು. ನೀರಿಗೆ ಇಳಿಸುವ ಮೊದಲು ಅದಕ್ಕೆ ಬಿರಡೆ ತಿರುಗಿಸಿ ಹಾಕಬೇಕು. ಹಾಕದೆ ಇಳಿಸಿದರೆ ಹೊರಗಿನ ನೀರು ಒಳಗೆ ಬರುತ್ತದೆ. ಅಷ್ಟು ಸರಳವಾದ ಸಂಗತಿ. ಸರಳವಾದ್ದರಿಂದಲೇ ಮರೆಯುತ್ತಾರೆ ಎಂದು ಮಾವ ಒಂದು ಪದ್ಧತಿ ಮಾಡಿದ್ದ. ಬಿಚ್ಚಿದ ಬಿರಡೆಯನ್ನು ಕೆಂಪು ದಾರದಲ್ಲಿ ಚುಕ್ಕಾಣಿಯ ಹಿಡಿಗೆ ಕಟ್ಟಬೇಕು, ಬೇರೆಲ್ಲೂ ಇಡಕೂಡದು. ಹೊರಡುವ ದಿನ ಒಬ್ಬ ಅಂಗಳದಲ್ಲಿ ಅದನ್ನು ತಿರುಗಿಸಿ ಹಾಕಿ "ಹಾಕಿದೆ" ಎನ್ನಬೇಕು. ಗಾಡಿಯನ್ನು ಜಲ್ಲಿಯ ಮೇಲೆ ತಳ್ಳಿಕೊಂಡು ಹೋಗಿ ಗಾಲಿ ನೀರು ಮುಟ್ಟುವ ಹೊತ್ತಿಗೆ ನಿಲ್ಲಿಸಿ, ಇನ್ನೊಬ್ಬ ಕೂತು, ಕೈಯಿಂದ ಬಿರಡೆ ಮುಟ್ಟಿ "ಮುಟ್ಟಿದೆ" ಎನ್ನಬೇಕು. ಮಾವನಿಗೆ ಎಡಗಿವಿ ಕೇಳುತ್ತಿರಲಿಲ್ಲ, ಅವನು ಯಾವಾಗಲೂ ಮೂತಿಯ ಹತ್ತಿರ ನಿಲ್ಲುತ್ತಿದ್ದ, ಆದ್ದರಿಂದ ಎರಡು ಮಾತನ್ನೂ ಕೂಗಿಯೇ ಹೇಳಬೇಕಿತ್ತು. ಮಾವ ಹೋಗಿ ಆರು ವರ್ಷವಾದರೂ ಕೂಗುವುದು ಉಳಿದಿತ್ತು. ಅಂಗಳದ ಬೇರೆಯವರು ಇವರ ಕೂಗಿಗೆ ನಗುತ್ತಿದ್ದರು.

ಷಡ್ಡಕ ಅಂಗಿ ಬಿಚ್ಚಿ, ಬನಿಯನ್ನಿನಲ್ಲೇ ದೋಣಿ ಹತ್ತಿ, ಪೆಟ್ಟಿಗೆಯ ಮುಚ್ಚಳ ತೆಗೆದು ತಲೆ ತೂರಿಸಿದ. ಭುಜ ಸಿಕ್ಕಿಕೊಂಡಿತು, ಆಮೇಲೆ ಹೋಯಿತು. ಹೊರಗಿನಿಂದ ನೋಡಿದರೆ ಎರಡು ಕಾಲು ಮಾತ್ರ. ಒಳಗಿಂದ ಮಾತು ಬಂದಾಗ ಅದು ಮನುಷ್ಯನದಲ್ಲ, ದೋಣಿಯದೇ ಎನ್ನುವ ಹಾಗಿತ್ತು. ಒಂದು ಸಲ ಬಡಿದರೆ ನಿಲ್ಲಿಸಿ, ಎರಡು ಸಲ ಬಡಿದರೆ ತಿರುಗಿಸಿ ಎಂದು ಹೇಳಿತು ಆ ದನಿ. ಟಕ್ ಟಕ್ ಎಂದು ಬಡಿದೂ ತೋರಿಸಿತು. ಅವನು ಹಳೆಯ ಪ್ಲಾಸ್ಟಿಕ್ ಬಳೆಯ ಮೊದಲನೆಯ ಸ್ಕ್ರೂಗೆ ತಿರುಪುಳಿ ಇಟ್ಟ. ಇನ್ನೊಂದು ಗಂಟೆಯಲ್ಲಿ ಅಕ್ಕತಂಗಿಯರಿಬ್ಬರೂ ಇಲ್ಲಿಗೆ ಬರುವವರಿದ್ದರು. ಎಂಟು ತಿಂಗಳ ಮೇಲೆ ಮೊದಲ ಸಲ ಅವನ ಹೆಂಡತಿ ನೀರಿನ ಹತ್ತಿರ ಬರುತ್ತಿದ್ದಳು. ಬರುವುದಕ್ಕೆ ಒಂದು ಷರತ್ತನ್ನೂ ಹಾಕಿದ್ದಳು: ಮುಂದಿನ ಭಾನುವಾರ ತಾನು ದೋಣಿಯಲ್ಲಿ ಕೂರಬೇಕಾದರೆ ಬಿರಡೆಯನ್ನು ಗಂಡನೇ ಹಾಕಬೇಕು, ತಂಗಿಯ ಗಂಡನಲ್ಲ, "ಅವರ ಕೈಗೆ ಕೊಡಬೇಡಿ."

ಅವರ ಕೈಗೆ ಎಂದಾಗ ಅವನು ಸುಮ್ಮನಿದ್ದ. ಎಂಟು ತಿಂಗಳಿಂದ ಸುಮ್ಮನಿದ್ದಾನೆ. ಇನ್ನೊಂದು ಸಲ ಇರುವುದು ಕಷ್ಟವಾಗಲಿಲ್ಲ. ಎಂಟು ತಿಂಗಳ ಹಿಂದಿನ ಆ ದಿನ ಅಂಗಳದಲ್ಲಿ ಷಡ್ಡಕ ಬಿರಡೆ ಹಾಕಿ ಹಾಕಿದೆ ಎಂದು ಕೂಗಿದ್ದನ್ನು ಅವನು ಕೇಳಿದ್ದ. ಅಕ್ಕತಂಗಿಯರು ಮೂತಿಯ ಕಡೆ ನಡೆಯುತ್ತಿದ್ದರು. ಗಾಡಿ ತಳ್ಳಿಕೊಂಡು ಇಳಿಜಾರಿಗೆ ಬಂದರು. ಕೂತು ಮುಟ್ಟುವ ಸರದಿ ಅವನದು. ಅವನ ಪ್ಯಾಂಟಿನ ಹಿಂದಿನ ಹೊಲಿಗೆ ಬೆಳಿಗ್ಗೆ ಕಾರಿನಿಂದ ಇಳಿಯುವಾಗಲೇ ಎರಡು ಇಂಚು ಬಿಟ್ಟಿತ್ತು. ಅಂಗಿಯನ್ನು ಹೊರಗೆ ಬಿಟ್ಟು ಮುಚ್ಚಿಕೊಂಡಿದ್ದ. ಕೂತರೆ ಇನ್ನಷ್ಟು ಹರಿಯುವುದು ಖಂಡಿತ. ಹತ್ತು ಹೆಜ್ಜೆ ಹಿಂದೆ, ಹಿಂದಿನ ವಾರವಷ್ಟೇ ಅವನು ತಕ್ಕಡಿ ಜಪ್ತಿ ಮಾಡಿದ್ದ ಕಬ್ಬಿಣದ ಅಂಗಡಿಯ ಯಜಮಾನ ಕಪ್ಪು ಕನ್ನಡಕ ಹಾಕಿಕೊಂಡು, ಕೈಯಲ್ಲಿ ಲೋಟ ಹಿಡಿದು ನಿಂತಿದ್ದ. ಆ ಮನುಷ್ಯ ಎಲ್ಲಿ ನೋಡುತ್ತಿದ್ದಾನೆ ಎಂದು ಕನ್ನಡಕದಿಂದಾಗಿ ತಿಳಿಯುತ್ತಿರಲಿಲ್ಲ. ಅವನು ದೋಣಿಯ ಹಿಂಗೋಡೆಯ ಮೇಲೆ ಒಂದು ಕೈಯಿಟ್ಟು, ಸ್ವಲ್ಪ ಬಾಗಿದಂತೆ ಮಾಡಿ, ಮುಟ್ಟಿದೆ ಎಂದು ಕೂಗಿದ. ದನಿ ಎಂದಿಗಿಂತ ಸ್ವಲ್ಪ ದೊಡ್ಡದಾಗಿಯೇ ಬಂದಿತ್ತು. ನಲವತ್ತು ಮೀಟರು ಹೋಗುವಷ್ಟರಲ್ಲಿ ದೋಣಿಯ ಹಿಂಭಾಗ ಕುಸಿಯಿತು, ಹಾಯಿ ವಾಲಿತು, ಈಜು ಬಾರದ ಅವನ ಹೆಂಡತಿ ನೀರಿಗೆ ಬಿದ್ದಳು. ಷಡ್ಡಕ ಅವಳ ಕಾಲರು ಹಿಡಿದು ಎತ್ತಿಟ್ಟುಕೊಂಡಿದ್ದ, ಕಾವಲಿನ ಮೋಟಾರು ದೋಣಿ ಬರುವವರೆಗೆ, ಏಳು ನಿಮಿಷ. ಅವಳ ಒಂದು ಚಪ್ಪಲಿ ಹೋಯಿತು, ಮೂರು ವಾರ ಬಲಗಿವಿ ಕೇಳಲಿಲ್ಲ. ದಡದಲ್ಲಿ ಜನ ಸೇರಿದ್ದರು. ಇಳಿಜಾರಿನ ಬುಡದಲ್ಲಿ ಕಾವಲುಗಾರನಿಗೆ ಬಿರಡೆ ಸಿಕ್ಕಿತು. ಅವನು ಅದರ ರೆಕ್ಕೆಯಂಥ ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿ ಎಲ್ಲರಿಗೂ ತೋರಿಸಿ, ಇದು ಇಲ್ಲಿ ಬಿದ್ದಿದ್ದರೆ ಅಲ್ಲಿ ಮುಳುಗದೆ ಇನ್ನೇನು ಎಂದು ಕಸದ ಡ್ರಮ್ಮಿಗೆ ಎಸೆದ. ಯಾರೂ ಹತ್ತಿರ ಹೋಗಿ ನೋಡಲಿಲ್ಲ. ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ; ಏನಾಯಿತೆಂಬುದು ಆಗಲೇ ಎಲ್ಲರಿಗೂ ಗೊತ್ತಾಗಿತ್ತು.

ಎರಡು ಬಡಿತ. ಅವನು ತಿರುಗಿಸಿದ. ಮೊದಲ ಸ್ಕ್ರೂ ಕಿರುಗುಟ್ಟಿ ಬಿಟ್ಟುಕೊಂಡಿತು. ಒಳಗೆ ನಟ್ಟು ಬಿದ್ದು ಉರುಳಿದ ಸದ್ದು. ಷಡ್ಡಕ ಅದನ್ನು ಹುಡುಕುತ್ತ ಏನೋ ಗೊಣಗಿ ನಕ್ಕ.

ಮುಳುಗಿದ ದಿನದ ಸಂಜೆ ಹೆಂಡತಿಯ ಒದ್ದೆ ಕೂದಲನ್ನು ನಾದಿನಿ ಒರೆಸುತ್ತಿದ್ದಾಗ, ಯಾರೂ ಅವನನ್ನು ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದನೋ ಏನೋ. ಕೇಳದೆ ಇರುವಾಗ ಆ ಮೌನದಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಅವನೇ ಬಾಯಿ ಬಿಟ್ಟ. ನಾನು ಮುಟ್ಟಿದಾಗ ಇತ್ತು ಎಂದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ವರದಿ ಬರೆಯುವವನ ಬುದ್ಧಿ, ಅಳತೆಯಿಲ್ಲದ ಮಾತು ಅವನ ಕಿವಿಗೇ ಸುಳ್ಳಾಗಿ ಕೇಳುತ್ತಿತ್ತು. ಇತ್ತು, ಆದರೆ ಅರ್ಧ ಸುತ್ತು ಸಡಿಲ ಇತ್ತು, ಬೆರಳಿಗೆ ತಿರುಗಿತು, ಬಿಗಿ ಮಾಡೋಣ ಅನ್ನುವಷ್ಟರಲ್ಲಿ ನೀವು ತಳ್ಳಿಬಿಟ್ಟಿರಿ ಎಂದ. ಅರ್ಧ ಸುತ್ತು ಎಂದ ಕೂಡಲೇ ಎಲ್ಲರೂ ನಂಬಿದರು. ಷಡ್ಡಕನ ಮುಖ ಒಂದು ಕ್ಷಣ ಖಾಲಿಯಾಯಿತು, ಆಮೇಲೆ, "ಹಾಗಾದ್ರೆ ನಂದೇ ತಪ್ಪು. ತಿರುಗಿಸೋದು ಮರೆತು ಸುಮ್ನೆ ಇಟ್ಟಿದ್ದೆನೇನೋ" ಎಂದ. ವಾದಿಸಲಿಲ್ಲ. ವಾದಿಸದೇ ಇದ್ದದ್ದೇ ಅವನನ್ನು ಎಂಟು ತಿಂಗಳು ಕೊರೆಯಿತು. ತಪ್ಪು ಮಾಡದವನು ಇಷ್ಟು ಬೇಗ ಒಪ್ಪಿಕೊಳ್ಳುವುದಿಲ್ಲ. ತಪ್ಪು ಮಾಡಿದವನು ಒಪ್ಪಿಕೊಳ್ಳುವುದೇ ಇಲ್ಲ. ಹೀಗೆ ನಡುವೆ ನಿಂತು ಒಪ್ಪಿಕೊಳ್ಳುವವನು ಏನನ್ನೋ ಕೂಡಿಟ್ಟುಕೊಳ್ಳುತ್ತಿದ್ದಾನೆ. ಎಂದೋ ಒಂದು ದಿನ, ಎಲ್ಲರೂ ಊಟಕ್ಕೆ ಕೂತಾಗ, ಅದನ್ನು ತೆಗೆದು ಮೇಜಿನ ಮೇಲಿಡುತ್ತಾನೆ. ನಾದಿನಿ ಗಂಡನಿಗೆ ಬಿರಡೆ ಎಂದು ಹೆಸರಿಟ್ಟಳು. ನೀರಿನ ಬಾಟಲಿ ಎತ್ತಿದರೆ, ಮುಚ್ಚಳ ಇದೆಯಾ ನೋಡಿ, ನಮ್ಮನೆ ಬಿರಡೆ ಮುಟ್ಟಿದ್ದು ಎನ್ನುವಳು. ಎಲ್ಲರಿಗಿಂತ ಮೊದಲು ಷಡ್ಡಕನೇ ನಗುತ್ತಿದ್ದ. ಆ ನಗುವಿನ ನಡುವೆ ಷಡ್ಡಕ ತನ್ನ ಕಡೆ ನೋಡುತ್ತಾನೆಯೇ ಎಂದು ಅವನು ಪ್ರತಿ ಸಲ ನೋಡುತ್ತಿದ್ದ. ಪ್ರತಿ ಸಲವೂ ಷಡ್ಡಕ ನೋಡುತ್ತಿದ್ದ ಹಾಗೇ ಇರುತ್ತಿತ್ತು.

"ಭಾವ, ಕೇಳಿಸ್ತಿದೆಯಾ?" ಎಂದಿತು ದೋಣಿ.

ಕೇಳಿಸುತ್ತಿದೆ ಎಂದ.

ಷಡ್ಡಕ ಒಳಗಿಂದ ಮಾತಾಡತೊಡಗಿದ. ಮುಖ ಕಾಣದ ಕಡೆ ಕೂತು ಹೇಳುವುದು ಸುಲಭ ಅನ್ನಿಸಿ ಈವತ್ತಿಗಾಗಿ ಕಾಯುತ್ತಿದ್ದೆ ಎಂದ. ಇದಕ್ಕೇ ಒಳಗೆ ಹೋದದ್ದು ಹಾಗಾದರೆ ಎಂದು ಅವನು ತಿರುಪುಳಿಯನ್ನು ಬಿಗಿಯಾಗಿ ಹಿಡಿದ. ಹೋದ ತಿಂಗಳು ನೆನಪಿನ ಡಾಕ್ಟರ ಹತ್ತಿರ ಹೋಗಿದ್ದನಂತೆ ಷಡ್ಡಕ. ಮನೆಯಲ್ಲಿ ಹೇಳಿಲ್ಲ. ಐದು ಪದ ಹೇಳಿ, ಹತ್ತು ನಿಮಿಷ ಬಿಟ್ಟು ಕೇಳಿದರಂತೆ, ಐದನ್ನೂ ಹೇಳಿದ. ಗಡಿಯಾರ ಬರೆದು ಹನ್ನೊಂದು ಹತ್ತು ತೋರಿಸಿ ಅಂದರಂತೆ, ತೋರಿಸಿದ. ಏನೂ ಇಲ್ಲ ಹೋಗಿ ಎಂದರು. ಆದರೆ ತನ್ನ ಅಪ್ಪನಿಗೂ ಮೊದಲು ಏನೂ ಇಲ್ಲ ಎಂದೇ ಹೇಳಿದ್ದರು. ಆಮೇಲೆ ಅವರು ಊಟ ಮಾಡಿ ಎದ್ದು, ಕೈ ತೊಳೆದು ಬಂದು, ಊಟಕ್ಕೆ ಹಾಕಲ್ವಾ ಎಂದು ಕೇಳುವಂತಾದರು. ಈಗ ನಾನು ಹಲ್ಲಿನ ಲ್ಯಾಬಿನಲ್ಲಿ ಗ್ಯಾಸು ಆರಿಸಿ, ಬೀಗ ಹಾಕಿ, ಮತ್ತೆ ಬೀಗ ತೆಗೆದು ಗ್ಯಾಸು ನೋಡುತ್ತೇನೆ. ಕಳಿಸಿದ ಸೆಟ್ಟು ಸರಿಯಾದವರಿಗೇ ಹೋಯಿತಾ ಎಂದು ಹಲ್ಲಿನ ಡಾಕ್ಟರಿಗೆ ಎರಡೆರಡು ಸಲ ಫೋನು ಮಾಡುತ್ತೇನೆ, ಅವರು ಬೇಸರಪಡುತ್ತಾರೆ. ಒಬ್ಬರ ಹಲ್ಲು ಇನ್ನೊಬ್ಬರ ಬಾಯಿಗೆ ಹೋದರೆ ಏನು ಮಾಡುವುದು ಎಂದು ಷಡ್ಡಕ ನಗಲು ನೋಡಿದ. ಪೆಟ್ಟಿಗೆಯೊಳಗೆ ಆ ನಗು ಕೆಮ್ಮಾಯಿತು. ಬರುವ ತಿಂಗಳು ಲ್ಯಾಬು ಮುಚ್ಚೋಣ ಅಂತ ಇದ್ದೇನೆ, ಬೇಡ ಅನ್ನಬೇಡಿ ಎಂದ.

"ಮರೆತಿದ್ರೆ ಹೆದರಿಕೆ ಇರ್ತಿರ್ಲಿಲ್ಲ ಭಾವ. ಎಲ್ರೂ ಮರೀತಾರೆ. ನನಗೆ ನೆನಪಿದೆ. ಅಂಗೈ ಉರಿಯೋ ಹಾಗೆ ತಿರುಗಿಸಿದ್ದು, ಇನ್ನು ಹೋಗಲ್ಲ ಅನ್ನೋವರೆಗೆ ತಿರುಗಿಸಿದ್ದು, ಎಲ್ಲ ನೆನಪಿದೆ. ನೀವು ಮುಟ್ಟಿ ನೋಡಿದಾಗ ಅರ್ಧ ಸುತ್ತು ಸಡಿಲ. ಆಗದೇ ಇದ್ದದ್ದು ಇಷ್ಟು ಚೆನ್ನಾಗಿ ನೆನಪಿರೋದು ಹೇಗೆ?"

ಅವನು ತಿರುಪುಳಿಯನ್ನು ಮತ್ತೆ ಇಟ್ಟ. ಎರಡನೆಯ ಸ್ಕ್ರೂ ತುಕ್ಕು ಹಿಡಿದಿದೆ ಎಂದ. ಅದು ತುಕ್ಕು ಹಿಡಿಯದ ಉಕ್ಕು; ಹಾಗೆ ಹೇಳಿದ್ದು ಷಡ್ಡಕನಿಗೆ ಗೊತ್ತಾಗಿರಬಹುದೇ ಎಂದು ಕೂಡಲೇ ಯೋಚಿಸಿದ. ಷಡ್ಡಕನ ಮಾತಿನ ಅಡಿಯನ್ನು ಮಗುಚಿ ನೋಡಬೇಕಿತ್ತು. ಅರ್ಧ ಸುತ್ತು ಎಂಬುದನ್ನು ಷಡ್ಡಕ ಇಷ್ಟು ದಿನದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ, ಹಳೆಯ ಬಳೆಯನ್ನು ಬಿಚ್ಚುತ್ತಿರುವಾಗ, ಯಾಕೆ? ಡಾಕ್ಟರ ಹತ್ತಿರ ಹೋದದ್ದು ನಿಜವೋ, ಗಾಳವೋ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೆಗಲು ಮುಟ್ಟಿಕೊಳ್ಳಲಿ ಎಂದೇ ಹೇಳುವವರೂ ಇರುತ್ತಾರೆ. ಅವನು ಎರಡೂ ಕೈಯನ್ನು ಕೆಲಸದ ಮೇಲೇ ಇಟ್ಟುಕೊಂಡ. ಮೂರನೆಯ ಸ್ಕ್ರೂ ಬಂತು. ಬಳೆಯ ಸುತ್ತ ಗಟ್ಟಿಯಾಗಿದ್ದ ಹಳೆಯ ಸೀಲೆಂಟನ್ನು ಚಾಕುವಿನಿಂದ ಕೊಯ್ದು, ತಿರುಪುಳಿಯ ತುದಿಯಿಂದ ಮೀಟಿದ. ಬಳೆ ಹಲ್ಲು ಕಿತ್ತಂತೆ ಒಮ್ಮೆಗೇ ಕಿತ್ತುಬಂದು ಅಂಗೈಯಲ್ಲಿ ಕೂತಿತು.

"ಬಂತಾ?"

ಬಂತು ಎಂದ.

ಬಳೆ ಹಳದಿಗಟ್ಟಿತ್ತು. ಅದರ ಮುಖದ ಮೇಲೆ ರಬ್ಬರಿನ ವಾಷರು ಹಿಸುಕಿ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಇಷ್ಟು ದಿನ ಅದು ಕೊಳೆಯ ಗೆರೆ ಎಂದುಕೊಂಡಿದ್ದ. ವಾಷರು ಬಳೆಯದಲ್ಲ, ಬಿರಡೆಯದು. ಬಿರಡೆಯ ತಲೆಯ ಕೆಳಗಿರಬೇಕಾದದ್ದು. ಅವನು ಬಳೆಯನ್ನು ಬೆಳಕಿಗೆ ಹಿಡಿದು ತೂತಿನೊಳಗೆ ನೋಡಿದ. ತೂತಿನ ಒಳಗೋಡೆ ಇರಬೇಕಾದ್ದಕ್ಕಿಂತ ದಪ್ಪವಾಗಿತ್ತು. ಒಳಗೆ ಇನ್ನೊಂದು ಬಳೆ. ತಿರುಪುಳಿಯ ಅಲಗನ್ನು ಅದರ ಗೋಡೆಗೆ ಅಡ್ಡ ಒತ್ತಿ ತಿರುಗಿಸಿದಾಗ ಮೊದಲು ಜಗ್ಗಲಿಲ್ಲ, ಆಮೇಲೆ ಕಿರ್ ಎಂದು ಬಂತು. ಅಭ್ಯಾಸಬಲದಿಂದ ಎಣಿಸಿದ. ಒಂದು, ಎರಡು, ಮೂರು, ನಾಲ್ಕು, ಐದು. ಟವಲಿನ ಮೇಲಿದ್ದ ಹೊಸ ಬಿರಡೆಯ ಥ್ರೆಡ್ಡನ್ನೂ ಎಣಿಸಿದ. ಐದು. ಕೈಗೆ ಬಂದದ್ದು ಹಳೆಯ ಬಿರಡೆಯ ಕುತ್ತಿಗೆ. ಟೊಳ್ಳು ಪ್ಲಾಸ್ಟಿಕ್ಕಿನ ಥ್ರೆಡ್ಡಿನ ಭಾಗ, ತಲೆಯಿಲ್ಲ. ಮುರಿದ ಅಂಚು ಸುತ್ತಲೂ ಒಂದೇ ಸಮ. ವರ್ಷಗಟ್ಟಲೆ ಬಿಸಿಲಿಗೆ ಒಣಗಿ ಪೆಡಸಾದದ್ದನ್ನು ಯಾರೋ ಅಂಗೈ ಉರಿಯುವವರೆಗೆ ತಿರುಗಿಸಿದ್ದರು. ಜಲ್ಲಿಯ ಮೇಲೆ ಗಾಡಿ ಕುಲುಕಿದಾಗ ಬಿರುಕು ಬಿಟ್ಟಿದ್ದ ತಲೆ ಕಳಚಿ ಬಿದ್ದಿತ್ತು. ಕಾವಲುಗಾರ ಎತ್ತಿ ತೋರಿಸಿದ್ದು ಬರೀ ತಲೆ. ಕುತ್ತಿಗೆ ಇಲ್ಲೇ, ಪೂರ್ತಿ ಬಿಗಿಯಾಗಿ, ನಡುವೆ ತೂತಾಗಿ ನಿಂತು, ನೀರನ್ನು ಒಳಗೆ ಬಿಟ್ಟುಕೊಂಡಿತ್ತು.

ಐದಕ್ಕೆ ಐದು ಸುತ್ತು. ಇದರಲ್ಲಿ ಅರ್ಧ ಸುತ್ತಿಗೆ ಎಡೆಯೇ ಇರಲಿಲ್ಲ. ಮುಟ್ಟಿದಾಗ ಇತ್ತು ಎಂದಷ್ಟೇ ಹೇಳಿದ್ದರೆ ಇದು ಅವನಿಗೆ ಏನೂ ಮಾಡುತ್ತಿರಲಿಲ್ಲ. ಆಮೇಲೆ ಮುರಿಯಿತು ಎಂದು ಎಲ್ಲರೂ ಸಮಾಧಾನಪಟ್ಟು ಷಡ್ಡಕನಿಗೆ ಕ್ಷಮೆ ಕೇಳಬಹುದಿತ್ತು, ತಾನೇ ಮೊದಲು ಕೇಳಬಹುದಿತ್ತು. ಸುಳ್ಳಿಗೆ ಅಳತೆ ಕೊಟ್ಟವನು ಅವನೇ. ಇಪ್ಪತ್ತೆರಡು ವರ್ಷ ಬೇರೆಯವರ ತೂಕದ ಬಟ್ಟುಗಳನ್ನು ತೂಗಿ ಮುದ್ರೆ ಒತ್ತಿದವನು, ತಾನು ತೂಗದೆ ಒತ್ತಿದ ಒಂದೇ ಮುದ್ರೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಅಂಗೈ ಮುಚ್ಚಿದರೆ ಆ ಚೂರು ಪೂರ್ತಿ ಮುಚ್ಚಿಹೋಗುತ್ತಿತ್ತು. ಪ್ಯಾಂಟಿನ ಜೇಬು ಎರಡು ಇಂಚು ದೂರದಲ್ಲಿತ್ತು.

ದೂರದಲ್ಲಿ ಗೇಟಿನ ಸದ್ದಾಯಿತು. ಅಕ್ಕತಂಗಿಯರು ಬರುತ್ತಿದ್ದರು. ನಾದಿನಿಯ ಕೈಯಲ್ಲಿ ಫ್ಲಾಸ್ಕು. ಹೆಂಡತಿ ಒಂದು ಹೆಜ್ಜೆ ಹಿಂದೆ, ನೀರಿನ ಕಡೆ ನೋಡದೆ, ಜಲ್ಲಿಯನ್ನೇ ನೋಡುತ್ತ ನಡೆಯುತ್ತಿದ್ದಳು. ಅವರು ನೇರ ದೋಣಿಯ ಮೂತಿಯ ಹತ್ತಿರ ಹೋಗಿ, ಮಾವ ನಿಲ್ಲುತ್ತಿದ್ದ ಜಾಗದಲ್ಲೇ ನಿಂತರು. ಎಲ್ಲಿ ನಮ್ಮ ಬಿರಡೆ, ಕಾಲು ಮಾತ್ರ ಕಾಣ್ತಿದೆ ಎಂದು ನಾದಿನಿ ಕೇಳಿದ್ದು ಅವನಿಗೆ ಕೇಳಿಸಿತು. ಮಿಕ್ಕದ್ದನ್ನು ನುಂಗಿದೆ ದೋಣಿ ಎಂದು ಷಡ್ಡಕ ಒಳಗಿಂದಲೇ ಹೇಳಿದ.

ಆಗ ತೂತಿನಿಂದ ಒಂದು ಬೆರಳು ಹೊರಗೆ ಬಂತು. ತೂತಿನ ಅಂಚಿನಲ್ಲಿ ಹಳೆಯ ಸೀಲೆಂಟು ಉಳಿದಿದೆಯೇ ಎಂದು ಸವರಿ ನೋಡುತ್ತಿದ್ದ ಷಡ್ಡಕನ ಕಿರುಬೆರಳು. ತೆಳ್ಳಗೆ, ಉಗುರು ಚರ್ಮಕ್ಕೆ ತಾಗುವಂತೆ ಕತ್ತರಿಸಿದ್ದು, ಅಂಚಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂತು. ಅವನು ಆ ಬೆರಳನ್ನೇ ನೋಡಿದ. ಕತ್ತಲಲ್ಲಿ, ಹಲ್ಲಿನ ಅಚ್ಚಿನೊಳಗೆ, ಕಣ್ಣಿಗೆ ಕಾಣದ್ದನ್ನು ತುದಿಯಿಂದ ನೋಡುವುದೇ ಈ ಬೆರಳಿನ ಕಸುಬು. ಹಳೆಯ ಬಳೆ ಇನ್ನೂ ಇದ್ದಾಗ ಇದು ಒಳಗಿಂದ ಅದನ್ನು ಮುಟ್ಟಿ ನೋಡಿರಲಾರದೇ? ಎರಡನೆಯ ಗೋಡೆ, ಮುರಿದ ಅಂಚು, ಥ್ರೆಡ್ಡು, ಎಲ್ಲ ಅದಕ್ಕೆ ತಿಳಿಯದೇ ಇರುತ್ತದೆಯೇ? ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿತು: ಹೊರಗೆ ನೀವಿರಿ ಎಂದದ್ದು, ನಿದ್ದೆ ಆಯ್ತಾ ಎಂದದ್ದು, ಡಾಕ್ಟರು, ಲ್ಯಾಬು, ಅರ್ಧ ಸುತ್ತು, ಹೆಂಗಸರನ್ನು ಸರಿಯಾಗಿ ಈ ಹೊತ್ತಿಗೇ ಬರಹೇಳಿದ್ದು. ಷಡ್ಡಕನಿಗೆ ಗೊತ್ತು. ಗೊತ್ತಿದ್ದೇ, ಅವನು ಜೇಬಿಗೆ ಹಾಕಿಕೊಳ್ಳುತ್ತಾನೋ ಇಲ್ಲವೋ ಎಂದು ಒಳಗೆ ಮಲಗಿ ಕಾಯುತ್ತಿದ್ದಾನೆ. ಜೇಬಿಗೆ ಹಾಕಿಕೊಂಡರೆ ಎರಡನೆಯ ಕಳ್ಳತನ, ಅದನ್ನು ಹೇಳಿಯೇ ತೀರುತ್ತಾನೆ. ಹೀಗೆ ಲೆಕ್ಕ ಹಾಕಿದವನಿಗೆ ಒಂದು ಬಗೆಯ ನಿರಾಳವೂ ಆಯಿತು, ಸಿಕ್ಕಿಬಿದ್ದವನ ನಿರಾಳ. ಅವನು ಆ ಟೊಳ್ಳು ಚೂರನ್ನು ಬೆರಳ ತುದಿಗೆ ಉಂಗುರದಂತೆ ತೊಡಿಸಿದ.

ಬೆರಳು ನಿಂತಿತು. ಆಮೇಲೆ ಮೆಲ್ಲಗೆ, ಉಂಗುರ ಅಂಚಿಗೆ ತಾಗದ ಹಾಗೆ, ಒಳಗೆ ಹೋಯಿತು. ತೂತಿನಲ್ಲಿ ಟಾರ್ಚಿನ ಬೆಳಕು ಅತ್ತಿತ್ತ ಸರಿಯಿತು.

"ಏನಿದು?" ಎಂದ ಷಡ್ಡಕ.

ಆ ದನಿ ಕೇಳಿದ ಕೂಡಲೇ ಅವನಿಗೆ ತಿಳಿಯಿತು. ಅಂಗಡಿಗಳಲ್ಲಿ ಸಾವಿರ ಸಲ ಕೇಳಿದ್ದ; ಗೊತ್ತಿದ್ದೂ ಏನಿದು ಎನ್ನುವವರ ದನಿ ಹೇಗಿರುತ್ತದೆ, ಗೊತ್ತಿಲ್ಲದವರದು ಹೇಗಿರುತ್ತದೆ ಎಂಬುದೊಂದರಲ್ಲಿ ಅವನು ತಪ್ಪಿದ್ದಿಲ್ಲ. ಷಡ್ಡಕನಿಗೆ ಏನೂ ಗೊತ್ತಿರಲಿಲ್ಲ. ಎಂಟು ತಿಂಗಳಿಂದ ಏನೂ ಗೊತ್ತಿರಲಿಲ್ಲ. ಕಷ್ಟದ ಪಾಲನ್ನು ಕೇಳಿ ತೆಗೆದುಕೊಂಡದ್ದು ಕಷ್ಟದ ಪಾಲಿಗಾಗಿಯೇ, ಹೆದರಿಕೆಯನ್ನು ಹೇಳಿಕೊಂಡದ್ದು ಹೆದರಿಕೆಯಾದ್ದರಿಂದಲೇ. ಆ ಚೂರು ಜೇಬು ಸೇರಿದ್ದರೆ ಈ ಲೋಕದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅವನ ಕೈ ತಾನಾಗಿ ತೂತಿನ ಕಡೆ ಚಾಚಿತು, ವಾಪಸು ಕೊಡಿ ಎನ್ನುವಂತೆ. ತೂತಿಗೆ ಹೆಬ್ಬೆರಳಿಗಿಂತ ದೊಡ್ಡದೇನೂ ಹಿಡಿಸುವಂತಿರಲಿಲ್ಲ.

"ಇದು ಪೂರ್ತಿ ಒಳಗಿತ್ತಾ ಭಾವ?"

"ಪೂರ್ತಿ."

"ಎಷ್ಟು ಸುತ್ತು ಬಂತು?"

"ಐದು."

ಒಳಗೆ ಉಸಿರು ಹೊರಬಿಟ್ಟ ಸದ್ದು, ಟಯರಿನಿಂದ ಗಾಳಿ ಹೋದಂತೆ ಉದ್ದಕ್ಕೆ. ಪೆಟ್ಟಿಗೆಯ ಹೊರಗಿದ್ದ ಕಾಲುಗಳಲ್ಲಿ ಎಡಗಾಲಿನ ಬೆರಳುಗಳು ಮಡಿಸಿಕೊಂಡು ಬಿಚ್ಚಿಕೊಂಡವು. ಮೂತಿಯ ಹತ್ತಿರ ನಾದಿನಿ ಅಕ್ಕನಿಗೆ ಏನೋ ಹೇಳುತ್ತಿದ್ದವಳು ನಿಲ್ಲಿಸಿದಳು. ಏನಾಯ್ತು, ಯಾಕೆ ಸುಮ್ಮನಾದ್ರಿ ಎಂದು ಯಾರನ್ನೋ ಕೇಳಿದಳು.

"ಹಾಗಾದ್ರೆ ಅರ್ಧ ಸುತ್ತು ಸಡಿಲ ಇರೋಕೆ ಆಗಲ್ಲ" ಎಂದ ಷಡ್ಡಕ. ಅದರಲ್ಲಿ ಕೋಪವಿರಲಿಲ್ಲ. ಅಚ್ಚಿನಲ್ಲಿ ಸರಿಯಾಗಿ ಕೂರದ ಹಲ್ಲನ್ನು ತೆಗೆದು ಮತ್ತೆ ಇಟ್ಟು ನೋಡುವವನ ನಿಧಾನವಿತ್ತು. "ತಲೆ ಬಿದ್ದಿದ್ರೆ ಮುಟ್ಟೋಕೆ ಏನೂ ಇರ್ಲಿಲ್ಲ. ತಲೆ ಇದ್ದಿದ್ರೆ ತಿರುಗ್ತಿರ್ಲಿಲ್ಲ. ನೀವು ಏನು ಮುಟ್ಟಿದ್ರಿ ಭಾವ?"

ಅವನು ಎದ್ದು ನಿಂತ. ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದರಿಂದ ಮಂಡಿ ಹಿಡಿದಿತ್ತು. ದೋಣಿಯ ಹಿಂಗೋಡೆಯ ಮೇಲೆ ಆ ದಿನ ಇಟ್ಟ ಜಾಗದಲ್ಲೇ ಕೈ ಇಟ್ಟುಕೊಂಡ. ಹದಿನಾರು ಅಡಿ ಆಚೆ ಹೆಂಡತಿಯ ಮುಖ ಕಾಣುತ್ತಿತ್ತು. ಬಲಗಿವಿಯನ್ನು ಸ್ವಲ್ಪ ಈ ಕಡೆಗೆ ತಿರುಗಿಸಿಕೊಂಡಿದ್ದಳು. ಕಿವಿ ಸರಿಹೋದ ಮೇಲೂ ಉಳಿದ ಅಭ್ಯಾಸ. ಮೆಲ್ಲಗೆ, ತೂತಿಗೆ ಬಾಯಿಟ್ಟು ಹೇಳಿದರೂ ಸಾಕಿತ್ತು. ಆದರೆ ಈ ಜಾಗದಲ್ಲಿ ನಿಂತು ಬೇರೆ ದನಿಯಲ್ಲಿ ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ.

"ಮುಟ್ಟಿರಲಿಲ್ಲ" ಎಂದು ಕೂಗಿದ.

ಅಂಗಳದ ಆ ತುದಿಯಲ್ಲಿ ಯಾರೋ ತಿರುಗಿ ನೋಡಿರಬಹುದು. ಕಂಬಗಳಿಗೆ ಹಗ್ಗ ಬಡಿಯುತ್ತಲೇ ಇತ್ತು. ನಾದಿನಿ ಫ್ಲಾಸ್ಕನ್ನು ಎದೆಗೆ ಒತ್ತಿ ಹಿಡಿದಿದ್ದಳು. ಹೆಂಡತಿ ದೋಣಿಯ ಪಕ್ಕೆಗೆ ಒಂದು ಕೈ ಸವರುತ್ತ, ಇಡೀ ಹದಿನಾರು ಅಡಿ ನಡೆದು ಹಿಂದಕ್ಕೆ ಬಂದಳು. ಅವನು ಸರಿದು ಜಾಗ ಬಿಟ್ಟ. ಅವಳು ಬಟ್ಟೆ ಒಟ್ಟು ಮಾಡಿಕೊಂಡು ಕೂತು, ಬರಿಯ ತೂತಿನ ಅಂಚಿಗೆ ತೋರುಬೆರಳಿಟ್ಟು, ಸುತ್ತ ಸವರಿ ನೋಡಿದಳು. ಬೆರಳಿಗೆ ಕಪ್ಪು ಹತ್ತಿತು. ಅವನು ಚಿಂದಿ ಬಟ್ಟೆ ಚಾಚಿದ. ಅವಳು ನೆಲದ ಮೇಲೆ ಬಿದ್ದಿದ್ದ ಇನ್ನೊಂದನ್ನು ಎತ್ತಿಕೊಂಡು ಒರೆಸಿಕೊಂಡಳು. "ಏಳು ನಿಮಿಷ ನನ್ನ ಕಾಲರ್ ಹಿಡ್ಕೊಂಡಿದ್ರು" ಎಂದಳು, ಬೆರಳನ್ನೇ ನೋಡುತ್ತ. ಯಾರು ಎಂದು ಹೇಳಲಿಲ್ಲ.

ಒಳಗಿಂದ ಎರಡು ಬಡಿತ ಬಂತು.

ಅವನು ಮತ್ತೆ ಕೂತ. ತೂತಿನ ಅಂಚನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಒರೆಸಿದ. ಹೊಸ ಹಿತ್ತಾಳೆಯ ಬಳೆಯ ಬೆನ್ನಿಗೆ ಸೀಲೆಂಟನ್ನು ಎಲ್ಲೂ ತುಂಡಾಗದ ಹಾಗೆ ಒಂದು ಸುತ್ತು ಹಿಂಡಿ, ಮೂರು ಸ್ಕ್ರೂ ಪೋಣಿಸಿ ಕೂರಿಸಿದ. ಬಳೆ ನೇರ ಕೂತಿತು. ಒಳಗೆ ನಟ್ಟುಗಳನ್ನು ಹಿಡಿದದ್ದು ತಿರುಪುಳಿಗೆ ತಿಳಿಯುತ್ತಿತ್ತು; ಗೋಡೆಯ ಆಚೆಗಿನ ಕೈ ಅವನ ಕೈಯನ್ನು ತಡೆದು ನಿಲ್ಲಿಸಿದ ಹಾಗೆ ಒಂದೊಂದೇ ಸ್ಕ್ರೂ ಬಿಗಿಯಾಗುತ್ತ ಬಂತು. ಬಳೆಯ ಸುತ್ತ ಸೀಲೆಂಟು ಬಿಳಿಯ ತೆಳು ಗೆರೆಯಾಗಿ ಹೊರಗೆ ಉಕ್ಕಿತು. ಅವನು ಇನ್ನೂ ತಿರುಗಿಸಲು ಹೋದ. ಒಂದು ಬಡಿತ.

ಅವನು ನಿಲ್ಲಿಸಿದ. ಈಗಲೇ ಪೂರ್ತಿ ಬಿಗಿ ಮಾಡಿದರೆ ಸೀಲೆಂಟೆಲ್ಲ ಹಿಂಡಿ ಹೊರಗೆ ಬರುತ್ತದೆ, ಒಳಗೆ ಏನೂ ಉಳಿಯುವುದಿಲ್ಲ; ಒಂದು ದಿನ ಒಣಗಲು ಬಿಟ್ಟು ಕೊನೆಯ ಬಿಗಿ ಕೊಡಬೇಕು. ಅದು ಅವನಿಗೂ ಗೊತ್ತಿತ್ತು.

"ಅರ್ಧ ಸುತ್ತು ಹಾಗೇ ಬಿಡಿ ಭಾವ" ಎಂದಿತು ಒಳಗಿನ ದನಿ. "ಅದನ್ನ ನಾಳೆ ಬಂದು ನಾನೇ ಹಾಕ್ತೀನಿ."